ಹೈನುಗಾರರ ನಡು ನೋವು: ಮನೆಯ ಉಪಚಾರ, ಕೊಟ್ಟಿಗೆಯ ಉಪಚಾರ



ಹಸುವಿನ ಕೆಚ್ಚಲು ಬಾತರೆ ನೀವು ತಡ ಮಾಡುವುದಿಲ್ಲ. ಬೆಳಿಗ್ಗೆಯೇ ಸಂಘದ ಕಾರ್ಯದರ್ಶಿಗೆ ಹೇಳಿ ಡಾಕ್ಟರನ್ನು ಕರೆಸುತ್ತೀರಿ. ಎಮ್ಮೆ ಮೇವು ಬಿಟ್ಟರೆ, ಮೆಲುಕು ಹಾಕದಿದ್ದರೆ ಮನೆಮಂದಿಯೆಲ್ಲ ಕೊಟ್ಟಿಗೆಗೆ ಬಂದು ನಿಲ್ಲುತ್ತಾರೆ. ಆದರೆ ಅದೇ ಎಮ್ಮೆಯ ಹಾಲು ಕರೆಯುವ ಹೆಣ್ಣುಮಗಳ ನಡು ಹಿಡಿದು ಆರು ತಿಂಗಳಾಗಿದ್ದರೂ ಆಕೆ ಯಾರಿಗೂ ಹೇಳಿರುವುದಿಲ್ಲ, ಯಾರೂ ಕೇಳಿಯೂ ಇರುವುದಿಲ್ಲ.

ಕಂಪ್ಲಿ ಕಡೆಯ ಒಂದು ಮಹಿಳಾ ಸಂಘದ ಸಭೆಯಲ್ಲಿ ಒಮ್ಮೆ, "ನಿಮ್ಮಲ್ಲಿ ನಡು ನೋವು ಯಾರಿಗಿದೆ, ಕೈ ಎತ್ತಿ" ಎಂದು ಕೇಳಿದೆ. ಒಬ್ಬರೂ ಎತ್ತಲಿಲ್ಲ. ಹಿಂದೆ ಕುಳಿತಿದ್ದ ವಯಸ್ಸಾದ ತಾಯಿಯೊಬ್ಬರು, "ಯಾರಿಗಿಲ್ಲ ಅಂತ ಕೇಳ್ರಿ ಸರ, ಎಣಿಸಾಕ ಹಗೂರಾಗತೈತಿ" ಎಂದರು. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು. ಈ ಲೇಖನ ಆ ಮಾತಿಗೆ ಉತ್ತರವಾಗಿ ಬರೆದದ್ದು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಮನೆಮದ್ದಿನ ಬಗ್ಗೆ ಬರೆಯಿರಿ ಎಂದು ಬಹಳ ಸದಸ್ಯರು ಕೇಳಿದ್ದಾರೆ. ಎಣ್ಣೆ, ಶಾಖ, ಸೊಪ್ಪು ಎಲ್ಲವನ್ನೂ ಮುಂದೆ ಹೇಳುತ್ತೇನೆ. ಅವು ನೋವನ್ನು ಇಳಿಸುತ್ತವೆ. ನೋವು ಮತ್ತೆ ಬರದಂತೆ ಮಾಡುವ ಕೆಲಸ ಮಾತ್ರ ಕೊಟ್ಟಿಗೆಯಲ್ಲಿ ಆಗಬೇಕು.

ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. ಇಪ್ಪತ್ತು ವರ್ಷಗಳ ಹಿಂದೆ ಹಾಲಿನ ಗಾಡಿ ಬಂದ ಗಡಿಬಿಡಿಯಲ್ಲಿ ತುಂಬಿದ ಕ್ಯಾನನ್ನು ಒಬ್ಬನೇ ಎತ್ತಿ, ಎತ್ತಿದ ಭಂಗಿಯಲ್ಲೇ ಪಕ್ಕಕ್ಕೆ ತಿರುಗಿದೆ. ನಡುವಿನಲ್ಲಿ ಯಾರೋ ಕೊಡಲಿಯಿಂದ ಹೊಡೆದ ಹಾಗಾಯಿತು. ಊರಿನವರು ಕಾಲು ಮುಂದಾಗಿ ಹುಟ್ಟಿದ ಒಬ್ಬರನ್ನು ಕರೆತಂದರು. ನನ್ನನ್ನು ಬೋರಲು ಮಲಗಿಸಿ, ಅವರು ಎಡಗಾಲಿನಿಂದ ಮೂರು ಸಲ ನಡು ತುಳಿದರು. ಆ ಗಳಿಗೆಗೆ ಹಗುರ ಅನಿಸಿದ್ದು ನಿಜ. ರಾತ್ರಿ ಹೊತ್ತಿಗೆ ಬಲಗಾಲಿಗೆ ಜೋಮು ಇಳಿದಿತ್ತು. ಮೂರು ವಾರ ಮಲಗಿದೆ. ಕೊನೆಗೆ ಹೋದ ಆಯುರ್ವೇದ ವೈದ್ಯರು ಎಣ್ಣೆ ಕೊಟ್ಟು, "ಎಣ್ಣೆ ಒಳ್ಳೆಯದೇ. ನಾಳೆ ನೀವು ಕ್ಯಾನನ್ನು ಮತ್ತೆ ಹಾಗೇ ಎತ್ತಿದರೆ ಎಣ್ಣೆ ಏನು ಮಾಡೀತು?" ಎಂದರು.

ನೋವು ಬರುವುದು ಎಲ್ಲಿಂದ?

ನಮ್ಮ ಬೆನ್ನುಮೂಳೆ ಒಂದೇ ಕಂಬವಲ್ಲ. ಒಂದರ ಮೇಲೊಂದು ಇಟ್ಟ ಮಣಿಗಳ ಸಾಲು. ಮಣಿಗಳ ನಡುವೆ ಮೆತ್ತನೆಯ ಗಾದಿಯಂತಹ ಬಿಲ್ಲೆಗಳಿವೆ. ನಡುವಿನ ಭಾಗದಲ್ಲಿರುವ ಐದು ದಪ್ಪ ಮಣಿಗಳ ಮೇಲೆ ಮೈಯ ಮೇಲುಭಾಗದ ಭಾರವೆಲ್ಲ ಬೀಳುತ್ತದೆ. ಈ ಸಾಲನ್ನು ನೆಟ್ಟಗೆ ಹಿಡಿದು ನಿಲ್ಲಿಸುವುದು ಹಿಂದಿನ ಸ್ನಾಯುಗಳು. ಹೊಟ್ಟೆಯ ಸ್ನಾಯುಗಳು ಮುಂದಿನಿಂದ ಅವಕ್ಕೆ ಜೊತೆಯಾಗುತ್ತವೆ.

ನೀರೆತ್ತುವ ಏತವನ್ನು ಹಿರಿಯರು ನೋಡಿರುತ್ತೀರಿ. ಉದ್ದದ ಕಡೆ ಸ್ವಲ್ಪ ಭಾರ ಹಾಕಿದರೂ ಗಿಡ್ಡ ಕಡೆಗೆ ಬಹಳ ಭಾರ ಬೇಕು. ನಡುವಿನ ಲೆಕ್ಕವೂ ಅದೇ. 10 ಕಿಲೋ ಸಗಣಿ ಬುಟ್ಟಿಯನ್ನು ಮೈಯಿಂದ ಒಂದೂವರೆ ಅಡಿ, ಅಂದರೆ 18 ಅಂಗುಲ, ಮುಂದಕ್ಕೆ ಹಿಡಿದು ಬಾಗಿ ಎತ್ತಿದಿರಿ ಎನ್ನಿ. ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯು ಮೂಳೆಯಿಂದ ಎರಡೇ ಅಂಗುಲ ಹಿಂದಿದೆ. ಆದ್ದರಿಂದ ಆ ಸ್ನಾಯು 90 ಕಿಲೋದಷ್ಟು ಎಳೆಯಬೇಕಾಗುತ್ತದೆ. ಬಾಗಿದ ಮೈಯ ಭಾರ ಇದರ ಮೇಲೆ ಬೇರೆ. ಅದೇ ಬುಟ್ಟಿಯನ್ನು ಹೊಟ್ಟೆಗೆ ಒತ್ತಿಕೊಂಡು ಎತ್ತಿದರೆ ಈ ಎಳೆತ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಬುಟ್ಟಿಯ ತೂಕ ಬದಲಾಗಿಲ್ಲ, ಹಿಡಿದ ಜಾಗ ಬದಲಾಯಿತು ಅಷ್ಟೆ.

ಈಗ ಒಂದು ದಿನದ ಕೆಲಸ ಲೆಕ್ಕ ಹಾಕಿ. ಒಂದು ಮಿಶ್ರತಳಿ ಹಸು ದಿನಕ್ಕೆ ಸುಮಾರು 15ರಿಂದ 20 ಕಿಲೋ ಸಗಣಿ ಹಾಕುತ್ತದೆ. ಎರಡು ಹಸುಗಳಿದ್ದರೆ ವರ್ಷಕ್ಕೆ ಹತ್ತು ಟನ್ನಿಗಿಂತ ಹೆಚ್ಚು, ಅಂದರೆ ಒಂದು ಲಾರಿ ಲೋಡು. ಅದನ್ನೆಲ್ಲ ಮನೆಯ ಹೆಣ್ಣುಮಕ್ಕಳು ಬಾಗಿ, ಬಾಚಿ, ಬುಟ್ಟಿಗೆ ತುಂಬಿ, ತಲೆಯ ಮೇಲೆ ತಿಪ್ಪೆಗೆ ಹೊರುತ್ತಾರೆ. ಹಾಲು ಕರೆಯಲು ಎರಡು ಹೊತ್ತು ಕುಕ್ಕರುಗಾಲಿನಲ್ಲಿ ಕೂರುವುದು ಬೇರೆ.

ಮೇವಿನ ಹೊರೆ ಊರಿಂದ ಊರಿಗೆ ಬೇರೆ. ಕಂಪ್ಲಿಯ ಕಾಲುವೆ ಕೆಳಗಿನವರಿಗೆ ಭತ್ತದ ಹುಲ್ಲಿನ ಹೊರೆ, ಕಬ್ಬಿನ ಸೋಗೆಯ ಹೊರೆ. ಹೊಸಪೇಟೆ, ಕಮಲಾಪುರ, ಹಂಪಿ ಕಡೆಯವರಿಗೆ ಬಾಳೆ ತೋಟದ ಬದುವಿನ ಹಸಿ ಹುಲ್ಲು. ನೀರು ತುಂಬಿದ ಹಸಿ ಹೊರೆ ನೋಡಲು ಸಣ್ಣದು, ತೂಕದಲ್ಲಿ ದೊಡ್ಡದು. ಸಂಡೂರಿನವರದು ಇನ್ನೂ ಕಷ್ಟ. ಗುಡ್ಡದಿಂದ ಹುಲ್ಲು ಹೊತ್ತು ಇಳಿಯುವಾಗ ಪ್ರತಿ ಹೆಜ್ಜೆಯೂ ನಡುವಿಗೆ ಏಟು. ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಒಂದು ದಿನ ಸೀನಿದಾಗಲೋ ಕೊಡ ಎತ್ತಿದಾಗಲೋ ನಡು ಹಿಡಿಯುತ್ತದೆ. ನಾವು ಆ ಸೀನಿನ ಮೇಲೆ ತಪ್ಪು ಹೊರಿಸುತ್ತೇವೆ.

ಇದು ನಮ್ಮೊಬ್ಬರ ಕಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ನಡು ನೋವಿತ್ತು. ಹತ್ತರಲ್ಲಿ ಒಂಬತ್ತು ಪಾಲು ನೋವಿಗೆ ಇಂಥದೇ ರೋಗ ಎಂದು ಬೆರಳಿಟ್ಟು ತೋರಿಸುವಂತಹ ಕಾರಣ ಸಿಗುವುದಿಲ್ಲ. ಸ್ನಾಯು, ನಾರು, ಕೀಲು ದಣಿದು ಬಂದ ನೋವು ಅದು. ಹೊಸದಾಗಿ ಬಂದ ಇಂತಹ ನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದ್ದರಿಂದ ಹೆದರಬೇಡಿ. ಉಳಿದ ಒಂದು ಪಾಲಿನ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ. ಅದನ್ನು ಮಾತ್ರ ಬಿಡದೆ ಓದಿ.

ಮನೆಯ ಉಪಚಾರ

ನಡು ಹಿಡಿದ ಮೊದಲ ದಿನ ಮಲಗಬೇಕು ಅನಿಸಿದರೆ ಮಲಗಿ. ಒಂದು ದಿನ, ಹೆಚ್ಚೆಂದರೆ ಎರಡು ದಿನ. ನನ್ನಂತೆ ಮೂರು ವಾರ ಮಲಗಬಾರದು. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಎದ್ದಾಗ ನೋವು ಹೆಚ್ಚುತ್ತದೆ. ಜೋಲು ಬಿದ್ದ ಹಗ್ಗದ ಮಂಚ ಬೇಡ. ನೆಲದ ಮೇಲೆ ಚಾಪೆ, ಅದರ ಮೇಲೆ ಎರಡು ಕಂಬಳಿ ಅಥವಾ ಕೌದಿ ಸಾಕು. ಅಂಗಾತ ಮಲಗುವವರು ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳಿ. ಮಗ್ಗುಲಾಗಿ ಮಲಗುವವರು ಎರಡು ಮೊಣಕಾಲಿನ ನಡುವೆ ಇಟ್ಟುಕೊಳ್ಳಿ. ಏಳುವಾಗ ನೇರವಾಗಿ ಮೇಲೇಳಬೇಡಿ. ಮಗ್ಗುಲಾಗಿ ಹೊರಳಿ, ಕೈಯೂರಿ ಏಳಿ.

ಶಾಖಕ್ಕೆ ಹೊಳೆಯ ಉಸುಕಿನಷ್ಟು ಒಳ್ಳೆಯದು ಬೇರೆ ಇಲ್ಲ. ಜರಡಿ ಹಿಡಿದ ಉಸುಕನ್ನಾಗಲಿ ಕಲ್ಲುಪ್ಪನ್ನಾಗಲಿ ಹೆಂಚಿನ ಮೇಲೆ ಬಿಸಿ ಮಾಡಿ, ದಪ್ಪ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ಮೊದಲು ಮುಂಗೈ ಒಳಭಾಗಕ್ಕೆ ತಾಗಿಸಿ ನೋಡಿ. ಅಲ್ಲಿ ತಡೆಯುವಷ್ಟು ಬಿಸಿ ಇದ್ದರೆ ನಡುವಿಗೆ ಸರಿ. 15-20 ನಿಮಿಷ, ದಿನಕ್ಕೆ ಎರಡು ಮೂರು ಸಲ. ಶಾಖ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ರಕ್ತ ಓಡಾಡುವಂತೆ ಮಾಡುತ್ತದೆ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾದವರಿಗೆ ಬಿಸಿ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಅಂಥವರಿಗೆ ಮನೆಯವರೇ ನೋಡಿ ಶಾಖ ಕೊಡಬೇಕು.

ಲಕ್ಕಿ ಗಿಡ ಹಳ್ಳದ ದಂಡೆಯಲ್ಲಿ, ಹೊಲದ ಬೇಲಿಯಲ್ಲಿ ಸಿಗುತ್ತದೆ. ದನ ಮುಟ್ಟದ ಗಿಡವಾದ್ದರಿಂದ ಎಲೆ ಹುಡುಕಬೇಕಾಗಿಲ್ಲ. ಇದನ್ನೇ ಆಯುರ್ವೇದದಲ್ಲಿ ನಿರ್ಗುಂಡಿ ಎನ್ನುತ್ತಾರೆ. ಎಲೆಯನ್ನು ನೀರಿನಲ್ಲಿ ಕುದಿಸಿ ಆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಡಬಹುದು, ಇಲ್ಲವೇ ಎಲೆಯನ್ನೇ ಬಾಡಿಸಿ ಗಂಟು ಕಟ್ಟಬಹುದು. ಹುಣಸೆ ಎಲೆಯನ್ನೂ ಹೀಗೆ ಬಳಸುವ ರೂಢಿಯಿದೆ. ಔಡಲ ಎಲೆಗೆ ಔಡಲೆಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ ನಡುವಿಗೆ ಕಟ್ಟುವುದು ನಮ್ಮ ಅಜ್ಜಿಯರ ಉಪಚಾರ. ಬೆಳಿಗ್ಗೆ ಬಿಚ್ಚಿದ ಆ ಎಲೆಯನ್ನು ಗೋದಲಿಯ ಹತ್ತಿರ ಎಸೆಯಬೇಡಿ. ಔಡಲ ದನಕ್ಕೆ ವಿಷ.

ಎಣ್ಣೆಗೆ ಎಳ್ಳೆಣ್ಣೆ ಒಳ್ಳೆಯದು. ಇಲ್ಲದಿದ್ದರೆ ಮನೆಯಲ್ಲಿರುವ ಕುಸುಬೆ ಎಣ್ಣೆಯೂ ಆಗುತ್ತದೆ. ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಿಟಿಕೆ ಓಮ ಹಾಕಿ ಕಾಯಿಸಿ, ಉಗುರು ಬೆಚ್ಚಗಿರುವಾಗ ಹಚ್ಚಿ, ಅಂಗೈಯಿಂದ ಮೆಲ್ಲಗೆ ತಿಕ್ಕಿ. ಮೂಳೆಯ ಮೇಲೆ ಒತ್ತಬೇಡಿ, ಅದರ ಎರಡು ಪಕ್ಕದ ಮಾಂಸದ ಮೇಲೆ ತಿಕ್ಕಿ. ಗರಡಿ ಮನೆಯ ಉಸ್ತಾದರು ತಿಕ್ಕುವುದನ್ನು ನೋಡಿದವರಿಗೆ ಇದು ಗೊತ್ತು. ಅವರು ಎಂದೂ ಮೂಳೆಯ ಮೇಲೆ ಕೈ ಇಡುವುದಿಲ್ಲ. ಅರ್ಧ ಗಂಟೆಯ ನಂತರ ಬಿಸಿನೀರು ಸ್ನಾನ. ಇಷ್ಟರಲ್ಲಿ ಎಣ್ಣೆಯ ಗುಣ ಎಷ್ಟು, ತಿಕ್ಕಿದ ಕೈಯ ಗುಣ ಎಷ್ಟು ಎಂದು ಕೇಳಿದರೆ, ಕೈಯದೇ ಹೆಚ್ಚು ಎಂಬುದು ನನ್ನ ಅನುಭವ. ಆದ್ದರಿಂದ ಜಾಹೀರಾತು ನೋಡಿ ದುಬಾರಿ ಎಣ್ಣೆ ಕೊಳ್ಳುವ ಅಗತ್ಯವಿಲ್ಲ.

ಕ್ರಮವಾದ ಆಯುರ್ವೇದ ಚಿಕಿತ್ಸೆ ಬೇಕೆನ್ನುವವರಿಗೆ ಬಳ್ಳಾರಿಯಲ್ಲಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯಿದೆ. ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿ ಜನರಿಗೆ ವೈದ್ಯ ಮಾಡಿದ ಪಂಡಿತ ತಾರಾನಾಥರ ಹೆಸರು ಅದಕ್ಕಿದೆ. ನಡುವಿನ ಮೇಲೆ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಕಟಿಬಸ್ತಿಯಂತಹ ಚಿಕಿತ್ಸೆಯನ್ನು ಅರಿತವರ ಕೈಯಲ್ಲೇ ಮಾಡಿಸಿಕೊಳ್ಳಿ.

ಮಾಡಬಾರದ್ದನ್ನೂ ಹೇಳಬೇಕು. ನಡು ತುಳಿಸಿಕೊಳ್ಳಬೇಡಿ. ಬರೆ ಹಾಕಿಸಿಕೊಳ್ಳಬೇಡಿ. ಅಗಸರ ಗೇರಿನ ಎಣ್ಣೆ ಹಚ್ಚಿದರೆ ಚರ್ಮ ಸುಟ್ಟು ಹುಣ್ಣಾಗುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ "ಬೇರಿನ ಪುಡಿ" ತಿಂದ ದಿನವೇ ನೋವು ಮಾಯವಾದರೆ ಸಂತೋಷಪಡಬೇಡಿ, ಅನುಮಾನಪಡಿ. ಅಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದಿ, ಮೂಳೆ ಸವೆದು, ಸಕ್ಕರೆ ಏರುತ್ತದೆ. ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗುವುದೂ ಹೊಟ್ಟೆಗೆ, ಮೂತ್ರಪಿಂಡಕ್ಕೆ ಕೇಡು. ಇನ್ನು ನಡುಪಟ್ಟಿ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ನಡು ನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮಕ್ಕೆ, ತಿಳಿವಳಿಕೆಗೆ ಜಾಗ ಕೊಟ್ಟು, ಪಟ್ಟಿ ಕಟ್ಟುವುದು ಹಾಗೂ ತೂಕ ಕಟ್ಟಿ ಎಳೆಯುವುದನ್ನು ರೂಢಿಯಾಗಿ ಮಾಡಬೇಡಿ ಎಂದಿದೆ.

ಬೆಕ್ಕಿನಿಂದ ಕಲಿಯುವ ವ್ಯಾಯಾಮ

ಹಂಪಿಯ ವಿಠ್ಠಲ ದೇವಾಲಯ, ಅಚ್ಯುತರಾಯ ದೇವಾಲಯಗಳಿಗೆ ನೆಂಟರನ್ನು ಕರೆದುಕೊಂಡು ಹೋಗಿಯೇ ಇರುತ್ತೀರಿ. ಮುಂದಿನ ಸಲ ಹೋದಾಗ ಕಂಬಗಳನ್ನು ಸ್ವಲ್ಪ ನಿಂತು ನೋಡಿ. ಆಸನ ಹಾಕಿದ ಯೋಗಿಗಳನ್ನು ಸುಮಾರು 500 ವರ್ಷಗಳ ಹಿಂದೆ ಅಲ್ಲಿ ಕೆತ್ತಿದ್ದಾರೆ. ಕೆಲವರು ತಲೆಕೆಳಗಾಗಿ, ಕೆಲವರು ಕಾಲನ್ನು ಕೊರಳ ಹಿಂದೆ ಹಾಕಿಕೊಂಡು. ನಡು ಹಿಡಿದವರು ಅದಕ್ಕೆಲ್ಲ ಕೈ ಹಾಕಬೇಡಿ. ನಮಗೆ ಬೇಕಾದದ್ದು ಬಹಳ ಸರಳ.

ಅಂಗಾತ ಮಲಗಿ ಮೊಣಕಾಲು ಮಡಚಿ ಪಾದ ನೆಲಕ್ಕೂರಿ. ಹೊಟ್ಟೆ ಬಿಗಿಹಿಡಿದು ನಡುವನ್ನು ನೆಲಕ್ಕೆ ಒತ್ತಿ, ಐದು ಎಣಿಸಿ, ಬಿಡಿ. ಹತ್ತು ಸಲ. ನಂತರ ಒಂದೊಂದೇ ಮೊಣಕಾಲನ್ನು ಎರಡು ಕೈಯಿಂದ ಎದೆಯ ಕಡೆಗೆ ಮೆಲ್ಲಗೆ ಎಳೆದುಕೊಳ್ಳಿ. ಆಮೇಲೆ ಪಾದ ಊರಿದಂತೆಯೇ ಸೊಂಟವನ್ನು ಮೇಲೆತ್ತಿ ಐದು ಎಣಿಸಿ ಇಳಿಸಿ. ಇದರಿಂದ ಪೃಷ್ಠದ ಸ್ನಾಯು ಗಟ್ಟಿಯಾಗುತ್ತದೆ. ಭಾರ ಎತ್ತುವಾಗ ನಡುವಿನ ಕೆಲಸ ಹಂಚಿಕೊಳ್ಳುವುದು ಅದೇ.

ಇನ್ನು ಅಂಬೆಗಾಲಿಗೆ ಬನ್ನಿ. ನಿದ್ದೆಯಿಂದೆದ್ದ ಬೆಕ್ಕು ಮೈಮುರಿಯುವುದನ್ನು ನೋಡಿದ್ದೀರಲ್ಲ, ಹಾಗೆ ಬೆನ್ನನ್ನು ಮೇಲಕ್ಕೆ ಗೂನು ಮಾಡಿ, ಮತ್ತೆ ಕೆಳಕ್ಕೆ ಇಳಿಸಿ. ಅವಸರ ಬೇಡ. ಕೊನೆಗೆ ಬೋರಲು ಮಲಗಿ, ಮೊಣಕೈ ಊರಿ ಎದೆ ಎತ್ತಿ ಹಿಡಿಯಿರಿ. ಒಗ್ಗಿದ ಮೇಲೆ ಅಂಗೈ ಊರಿ ಭುಜಂಗಾಸನ ಮಾಡಬಹುದು. ಇಲ್ಲಿ ಒಂದು ಗುರುತು ಇಟ್ಟುಕೊಳ್ಳಿ: ಹೀಗೆ ಮಾಡುವಾಗ ಕಾಲಿನಲ್ಲಿದ್ದ ನೋವು ಮೇಲೇರಿ ನಡುವಿಗೆ ಬಂದರೆ ಒಳ್ಳೆಯ ಲಕ್ಷಣ. ನಡುವಿನ ನೋವು ಕಾಲಿಗಿಳಿದರೆ ತಕ್ಷಣ ನಿಲ್ಲಿಸಿ. ಗರ್ಭಿಣಿಯರು ಬೋರಲು ಮಲಗುವ ವ್ಯಾಯಾಮ ಬಿಡಬೇಕು.

ಇವೆಲ್ಲ ಸೇರಿ ಹತ್ತು ಹದಿನೈದು ನಿಮಿಷ. ಜೊತೆಗೆ ದಿನಕ್ಕೆ ಅರ್ಧ ಗಂಟೆ ಕೈ ಬೀಸಿ ನಡೆಯಿರಿ. "ದಿನವೆಲ್ಲ ನಡೆದೇ ಇರುತ್ತೇವೆ, ಮತ್ತೇಕೆ ನಡಿಗೆ?" ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಹೊರೆ ಹೊತ್ತು ನಡೆಯುವುದು ಬೇರೆ, ಕಾಲುವೆ ಏರಿಯ ಮೇಲೆ ಬರಿಗೈಯಲ್ಲಿ ನಡೆಯುವುದು ಬೇರೆ. ನೋವಿರುವ ದಿನಗಳಲ್ಲಿ ನಿಂತು ಬಾಗಿ ಪಾದ ಮುಟ್ಟುವ ವ್ಯಾಯಾಮ ಮಾತ್ರ ಬೇಡ.

ಕೊಟ್ಟಿಗೆಯ ಉಪಚಾರ

ರಾತ್ರಿ ಮಲಗಿದಾಗ ಮಣಿಗಳ ನಡುವಿನ ಬಿಲ್ಲೆಗಳು ನೀರು ಹೀರಿ ಉಬ್ಬುತ್ತವೆ. ಅದಕ್ಕೇ ಬೆಳಿಗ್ಗೆ ಎದ್ದಾಗ ನಾವು ಸ್ವಲ್ಪ ಎತ್ತರ ಹೆಚ್ಚಾಗಿರುತ್ತೇವೆ. ಎದ್ದ ಮೊದಲ ಗಂಟೆಯಲ್ಲಿ ಬಾಗಿದರೆ ಆ ಬಿಲ್ಲೆಗಳ ಮೇಲೆ ಒತ್ತಡ ಹೆಚ್ಚು. ನಾವು ಮಾಡುವುದೇನು? ನಾಲ್ಕೂವರೆಗೆ ಎದ್ದು ಮುಖಕ್ಕೆ ನೀರು ಹಾಕಿಕೊಂಡ ಕೂಡಲೇ ಬಾಗಿ ಸಗಣಿ ಬಾಚುತ್ತೇವೆ. ಅತಿ ಕೆಟ್ಟ ಕೆಲಸ ಅತಿ ಕೆಟ್ಟ ಹೊತ್ತಿನಲ್ಲಿ.

ಶುದ್ಧ ಹಾಲಿಗಾಗಿ ಕರೆಯುವ ಮೊದಲು ಸಗಣಿ ತೆಗೆಯಲೇಬೇಕು, ಅದನ್ನು ಬಿಡಿ ಎನ್ನುವುದಿಲ್ಲ. ಉದ್ದ ಬಿದಿರಿನ ಹಿಡಿಗೆ ಅಡ್ಡ ಹಲಗೆ ಹೊಡೆದು, ಕಣದಲ್ಲಿ ರಾಶಿ ಎಳೆಯುವ ಹಾಗೆ ನಿಂತೇ ಸಗಣಿಯನ್ನು ಮೂಲೆಗೆ ಎಳೆದುಬಿಡಿ. ತುಂಬಿ ಹೊರುವ ಕೆಲಸ ಡೇರಿಯಿಂದ ಬಂದ ಮೇಲೆ ಆಗಲಿ. ಕಸಬರಿಗೆಗೂ ಎದೆಮಟ್ಟದ ಕೋಲು ಕಟ್ಟಿ. ಹಿಡಿ ಗಿಡ್ಡವಾದಷ್ಟೂ ನಡು ಬಾಗುತ್ತದೆ. ಎರಡಕ್ಕಿಂತ ಹೆಚ್ಚು ದನ ಇರುವವರು ಒಂಟಿ ಚಕ್ರದ ತಳ್ಳುಗಾಡಿ ಮಾಡಿಸಿಕೊಳ್ಳಿ. ತಲೆಯ ಮೇಲೆ ಬುಟ್ಟಿ ಹೊರುವುದು ಒಂದು ದಿನಕ್ಕೆ ನಿಂತರೂ ಕೊರಳಿಗೆ, ನಡುವಿಗೆ ವಿಶ್ರಾಂತಿ.

ಹಾಲು ಕರೆಯಲು ಒಂದು ಗೇಣಿಗಿಂತ ಸ್ವಲ್ಪ ಎತ್ತರದ ಮಣೆ ಇಟ್ಟುಕೊಳ್ಳಿ. ಬಡಗಿಗೆ ಹೇಳಿದರೆ ಹಳೆಯ ಹಲಗೆಯಲ್ಲಿ ಮಾಡಿಕೊಡುತ್ತಾನೆ. ಹಸುವಿನ ಪಕ್ಕಕ್ಕೆ ಒತ್ತಿ ಕೂತು, ಪಾತ್ರೆಯನ್ನು ಮೊಣಕಾಲಿನ ನಡುವೆ ಹಿಡಿಯಿರಿ. ದೂರ ಕೂತು ಕೈ ಚಾಚಿದರೆ ಆ ಏತದ ಲೆಕ್ಕ ಮತ್ತೆ ಬರುತ್ತದೆ. ಹೆಬ್ಬೆರಳು ಮಡಚದೆ ಪೂರ್ಣ ಮುಷ್ಟಿಯಿಂದ ಕರೆದರೆ ಬೇಗ ಮುಗಿಯುತ್ತದೆ, ಮೊಲೆಗೂ ಪೆಟ್ಟಾಗುವುದಿಲ್ಲ. ಹೆಚ್ಚು ರಾಸು ಇರುವವರು ಹಾಲು ಕರೆಯುವ ಯಂತ್ರದ ಬಗ್ಗೆ ಸಂಘದಲ್ಲಿ ವಿಚಾರಿಸಿ.

ಗೋದಲಿ ನೆಲಮಟ್ಟದಲ್ಲಿದ್ದರೆ ಮೇವು ಹಾಕುವಾಗಲೆಲ್ಲ ಬಾಗಬೇಕು. ಹೊಸದಾಗಿ ಕಟ್ಟುವವರು ಎರಡು ಅಡಿ ಎತ್ತರಿಸಿ. ಮೇವಿನ ಒಂದು ದೊಡ್ಡ ಹೊರೆ ಎರಡು ಸಣ್ಣ ಹೊರೆಯಾಗಲಿ. ಇನ್ನೊಂದು ಸುತ್ತು ನಡೆಯಬೇಕಲ್ಲ ಎನ್ನುತ್ತೀರಿ, ನಿಜ. ಹೊರೆ ಎತ್ತಿಕೊಡಲು ಒಬ್ಬರಿರಲಿ. ನೆಲದಿಂದ ತಲೆಗೆ ಒಬ್ಬರೇ ಎತ್ತುವಾಗ ಮೈ ತಿರುಚುವುದು ತಪ್ಪುವುದಿಲ್ಲ.

ಇನ್ನು ಕ್ಯಾನು. 40 ಲೀಟರ್ ಹಾಲೇ 41 ಕಿಲೋ ತೂಗುತ್ತದೆ. ಕ್ಯಾನಿನ ತೂಕ ಅದರ ಮೇಲೆ. ಸಂಘದ ಸಿಬ್ಬಂದಿಗೆ, ಗಾಡಿಯವರಿಗೆ ನನ್ನ ಮಾತು ಇದು: ತುಂಬಿದ ಕ್ಯಾನಿಗೆ ಇಬ್ಬರು. ಗಾಡಿಯ ಮಟ್ಟಕ್ಕೆ ಒಂದು ಕಲ್ಲು ಕಟ್ಟೆ ಕಟ್ಟಿಸಿದರೆ ಎತ್ತುವ ಕೆಲಸವೇ ಉರುಳಿಸುವ ಕೆಲಸವಾಗುತ್ತದೆ. ಆಡಳಿತ ಮಂಡಳಿಯವರು ಮುಂದಿನ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಲಿ. ಏನನ್ನೇ ಎತ್ತಲಿ, ಹತ್ತಿರ ಹೋಗಿ, ಕಾಲು ಅಗಲಿಸಿ, ಮೊಣಕಾಲು ಮಡಚಿ, ಮೈಗೆ ಒತ್ತಿಕೊಂಡು ಎತ್ತಿ. ತಿರುಗಬೇಕಾದರೆ ನಡುವನ್ನು ತಿರುಚದೆ ಪಾದ ಎತ್ತಿಟ್ಟು ತಿರುಗಿ. ಆ ದಿನ ನನಗೆ ಇದನ್ನು ಯಾರಾದರೂ ಹೇಳಿದ್ದರೆ!

ಡೇರಿಗೆ ಹಾಕುವ ಮೊದಲು

ಎಲ್ಲ ಹಾಲನ್ನೂ ಡೇರಿಗೆ ಹಾಕಿ ಮನೆಯಲ್ಲಿ ಕರಿ ಚಹಾ ಕುಡಿಯುವ ಕುಟುಂಬಗಳನ್ನು ಕಂಡಿದ್ದೇನೆ. ಒಕ್ಕೂಟದ ಪತ್ರಿಕೆಯಲ್ಲಿ ಇದನ್ನು ಬರೆಯುವುದು ವಿಚಿತ್ರವೆನಿಸಬಹುದು, ಆದರೂ ಬರೆಯುತ್ತೇನೆ: ಮನೆಯ ಪಾಲು ತೆಗೆದಿಟ್ಟು ಉಳಿದದ್ದನ್ನು ಹಾಕಿ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 600 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಯಸ್ಕರಿಗೆ ದಿನಕ್ಕೆ ಬೇಕಾದ 1,000 ಮಿಲಿಗ್ರಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದರಲ್ಲೇ ಸಿಗುತ್ತದೆ. ಉಳಿದದ್ದಕ್ಕೆ ರಾಗಿ, ಎಳ್ಳು, ನುಗ್ಗೆ ಸೊಪ್ಪು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ, ಆ ವಯಸ್ಸಿನವರು ವಿಶೇಷವಾಗಿ ಗಮನಿಸಬೇಕು. ಗಂಡಸರಿಗೆ ಒಂದು ಮಾತು: ಬೀಡಿ ಸಿಗರೇಟು ಮೂಳೆಯ ನಡುವಿನ ಬಿಲ್ಲೆಗೂ ಕೇಡು.

ಕುಡಿಯುವ ಹಾಲನ್ನು ಕಾಯಿಸಿಯೇ ಕುಡಿಯಿರಿ. ಯಾಕೆಂದು ಮುಂದೆ ಓದಿ.

ಈ ನೋವಿಗೆ ಮನೆಮದ್ದು ಮಾಡಬೇಡಿ

ಹಸು ಎಮ್ಮೆ ಏಳೆಂಟು ತಿಂಗಳ ಗಬ್ಬದಲ್ಲಿ ಕಂದು ಹಾಕಿದ್ದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಇದಕ್ಕೆ ಒಂದು ಮುಖ್ಯ ಕಾರಣ ಬ್ರುಸೆಲ್ಲಾ ಎಂಬ ರೋಗಾಣು, ಕಂದು ರೋಗ. ಇದು ದನದಿಂದ ಮನುಷ್ಯನಿಗೆ ಬರುತ್ತದೆ. ಕಂದು ಹಾಕಿದಾಗ ಸತ್ತ ಕರುವನ್ನು, ಮಾಸನ್ನು ಬರಿಗೈಯಲ್ಲಿ ಎತ್ತಿದರೆ ಕೈಯ ಸಣ್ಣ ಗಾಯದಿಂದ ಒಳಹೋಗುತ್ತದೆ. ಕಾಯಿಸದ ಹಾಲಿನಿಂದಲೂ ಬರುತ್ತದೆ. ಬಂದವರಿಗೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ನಿಶ್ಶಕ್ತಿ, ಕೀಲು ನೋವು, ಮತ್ತು ಎಷ್ಟೋ ಜನರಿಗೆ ಬಿಡದ ನಡು ನೋವು. ಜ್ವರಕ್ಕೆ ಒಂದು ಗುಳಿಗೆ, ನಡುವಿಗೆ ಎಣ್ಣೆ ಎಂದು ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ರೋಗಾಣು ಬೆನ್ನುಮೂಳೆಯಲ್ಲೇ ಮನೆ ಮಾಡಿರುತ್ತದೆ. ರಕ್ತ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಬಹುದು. ಔಷಧವಿದೆ, ಆದರೆ ಸಾಮಾನ್ಯವಾಗಿ ಆರು ವಾರ ಬಿಡದೆ ತೆಗೆದುಕೊಳ್ಳಬೇಕು.

ಆದ್ದರಿಂದ ಕಂದು ಹಾಕಿದ ದನದ ಹತ್ತಿರ ಗರ್ಭಿಣಿಯರು ಹೋಗಬಾರದು. ಕೈಗವಸು ಇಲ್ಲದೆ ಯಾರೂ ಮುಟ್ಟಬಾರದು. ಮಾಸು, ಕರು ಎರಡನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ನಾಯಿಗೆ ಸಿಗಬಾರದು. ಪಶುವೈದ್ಯರಿಗೆ ತಿಳಿಸಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಹಾಕುವ ಲಸಿಕೆ ಇದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದನ್ನೂ ಸೇರಿಸಿದ್ದಾರೆ. ಕರುವಿಗೆ ಹಾಕುವ ಲಸಿಕೆ ನಿಮ್ಮ ನಡುವನ್ನೂ ಕಾಯುತ್ತದೆ.

ಕ್ಷಯವೂ ಬೆನ್ನುಮೂಳೆಗೆ ಬರುತ್ತದೆ. ಕೆಮ್ಮು ಇರಲೇಬೇಕೆಂದಿಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕ್ಷಯದ ಔಷಧ ಅಲ್ಲಿ ಉಚಿತ. ಪಕ್ಕೆಯಿಂದ ತೊಡೆಸಂದಿಗೆ ಹರಿಯುವ ನೋವು, ಉರಿಮೂತ್ರ ಇದ್ದರೆ ಅದು ಮೂತ್ರದ ಕಲ್ಲಿರಬಹುದು. ಕಾಲುವೆ ನೀರಿಲ್ಲದೆ ಬೋರ್‌ವೆಲ್ ನೀರನ್ನೇ ಕುಡಿಯುವ ಊರುಗಳಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ವರ್ಷಗಳಲ್ಲಿ ಬೆನ್ನು ಕೋಲಿನಂತೆ ಬಿಗಿಯುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಊರಿನ ಹಲವರಿಗೆ ಹಲ್ಲು ಕಂದಾಗಿ, ಬೆನ್ನು ಬಿಗಿದಿದ್ದರೆ ಗ್ರಾಮ ಪಂಚಾಯಿತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ.

ನಡು ನೋವಿನ ಜೊತೆ ಮೂತ್ರ ಅಥವಾ ಮಲ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಕಾಲಿನ ಶಕ್ತಿ ಮರಳಿ ಬಾರದೇ ಹೋಗಬಹುದು. ಬಿದ್ದ ಮೇಲೆ ಬಂದ ನೋವು, ಆರು ವಾರ ಕಳೆದರೂ ಇಳಿಯದ ನೋವು ಇವನ್ನೂ ವೈದ್ಯರಿಗೆ ತೋರಿಸಲೇಬೇಕು.

ಖರ್ಚಿಗೆ ಹೆದರಿ ತಡ ಮಾಡುವವರಿದ್ದಾರೆ. ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ನೇ ಸಾಲಿನಲ್ಲಿ ಮತ್ತೆ ಜಾರಿಗೆ ಬಂದಿದೆ. ನೋಂದಣಿಗೆ ಅವಧಿಯಿರುತ್ತದೆ, ಕಾಯಿಲೆ ಬಂದ ದಿನ ಓಡಿದರೆ ಆಗುವುದಿಲ್ಲ. ಯಾವ ಚಿಕಿತ್ಸೆ, ಯಾವ ಆಸ್ಪತ್ರೆ ಎಂಬುದನ್ನು ಸಂಘದ ಕಾರ್ಯದರ್ಶಿಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ.

ಹೊಸಪೇಟೆಯ ಆಸ್ಪತ್ರೆಗೇ ಹೋಗಿ, ಬಳ್ಳಾರಿಗೇ ಹೋಗಿ, ಡಾಕ್ಟರ ಮುಂದೆ ಕೂತಾಗ "ನಡ ನೋಯತೈತ್ರಿ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಮನೆಯಲ್ಲಿ ದನ ಇವೆ, ದಿನಾ ಹಾಲು ಕರೆಯುತ್ತೇನೆ, ಇಂಥ ತಿಂಗಳು ಎಮ್ಮೆ ಕಂದು ಹಾಕಿತ್ತು, ಜ್ವರ ಬಂದು ಹೋಗುತ್ತದೆ ಎಂದು ಬಿಡಿಸಿ ಹೇಳಿ. ಅವರು ಕೇಳದಿದ್ದರೂ ಹೇಳಿ.